ಕಂಬಳಿ ಹೊದ್ದ ಕುರಿಗಾಹಿ



ತಪಸ್ಸುಕಾಲವೂ ವಸಂತವೂ ಒಟ್ಟಿಗೆ ಬರುವ ನಾಡು ನಮ್ಮದು. ಬಲಿಪೀಠಕ್ಕೆ ಊದಾ ವಸ್ತ್ರ ಹೊದಿಸುವ ದಿನಗಳಲ್ಲೇ ದೇವಾಲಯದ ಅಂಗಳದ ಹೊಂಗೆ ಚಿಗುರುತ್ತದೆ. ಕಳೆದ ವರ್ಷ ಅಂಥ ದಿನಗಳಲ್ಲಿ ನಮ್ಮ ಜಿಲ್ಲೆಯ ಚಿತ್ರಕಲಾವಿದರ ಸಂಘದವರು ತಮ್ಮ ವಸಂತಕಾಲದ ಪ್ರದರ್ಶನಕ್ಕೆಂದು ಧರ್ಮಕೇಂದ್ರದ ಶಾಲೆಯ ಸಭಾಂಗಣವನ್ನು ಕೇಳಿಕೊಂಡು ಬಂದರು. ಮೂರು ದಿನಗಳ ಪ್ರದರ್ಶನ, ಜೊತೆಗೆ ಸಾರ್ವಜನಿಕರ ಎದುರಿನಲ್ಲೇ ಚಿತ್ರ ಬರೆದು ತೋರಿಸುವ ಪ್ರಾತ್ಯಕ್ಷಿಕೆ. ನಾನು ಒಪ್ಪಿದೆ. ದೀಪ ಬೆಳಗಿಸಿ, ಎರಡು ಮಾತನಾಡಿ, ಹತ್ತು ನಿಮಿಷಗಳಲ್ಲಿ ಹಿಂದಿರುಗುವುದೆಂದು ಲೆಕ್ಕ ಹಾಕಿದ್ದೆ. ಆದರೆ ಮೂರು ದಿನವೂ ಅಲ್ಲಿಗೆ ಹೋದೆ. ಮೂರನೆಯ ದಿನ ಅಲ್ಲಿಂದ ಎದ್ದು ಬಂದಾಗ ನನ್ನ ಮನಸ್ಸಿನಲ್ಲಿ ಇಪ್ಪತ್ತು ವರ್ಷಗಳಿಗೂ ಹಳೆಯದಾದ ಒಂದು ತಪ್ಪು ಎದ್ದು ಕುಳಿತಿತ್ತು. ಅದನ್ನೇ ನಿಮ್ಮ ಮುಂದೆ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲು ಆ ಪ್ರದರ್ಶನದ ಬಗ್ಗೆ ಹೇಳಬೇಕು. ಕಲಾವಿದರೆಂದರೆ ಉದ್ದ ಕೂದಲು ಬಿಟ್ಟವರು, ಲೋಕದ ಗೊಡವೆಯಿಲ್ಲದವರು ಎಂಬ ಕಲ್ಪನೆ ನಮ್ಮಲ್ಲಿ ಹಲವರಿಗಿದೆ. ಅಲ್ಲಿಗೆ ಬಂದವರು ಶಾಲೆಗಳ ಡ್ರಾಯಿಂಗ್ ಮೇಷ್ಟರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳನ್ನು ಶಾಲೆಗೆ ಕಳುಹಿಸಿ ಬಂದ ಗೃಹಿಣಿಯರು. ಶಾಲೆಯ ಬೆಂಚುಗಳನ್ನು ಜೋಡಿಸಿ, ಅವುಗಳ ಮೇಲೆ ಚಿತ್ರಗಳನ್ನು ಒರಗಿಸಿಟ್ಟಿದ್ದರು. ಊಟ ಅವರವರ ಮನೆಯ ಬುತ್ತಿ. ಒಬ್ಬರ ಚಿತ್ರವನ್ನು ಇನ್ನೊಬ್ಬರು ಬಹಳ ಹೊತ್ತು ನಿಂತು ನೋಡುತ್ತಿದ್ದರು.

ಮೊದಲ ದಿನ ವಯೋವೃದ್ಧರೊಬ್ಬರು ಮೈಸೂರು ಶೈಲಿಯ ಚಿತ್ರವನ್ನು ಬರೆದು ತೋರಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅರಳಿದ ಈ ಕಲೆಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಹಿಂದಿನವರು ಹುಣಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆ ಎಳೆಯುತ್ತಿದ್ದರಂತೆ. ಆಭರಣ, ಸೆರಗು, ಪ್ರಭಾವಳಿಗಳಿರುವೆಡೆ ಬಿಳಿಯ ಪುಡಿಯನ್ನು ಅಂಟಿನಲ್ಲಿ ಅರೆದು ಮಾಡಿದ ಮಕ್ಕಿಯನ್ನು ಕೂದಲೆಳೆಯಂಥ ಕುಂಚದಿಂದ ಇಡಬೇಕು. ಅದು ಉಬ್ಬಿ ನಿಂತ ಬಳಿಕ ಚಿನ್ನದ ರೇಕು ಅಂಟಿಸಬೇಕು. ಆಮೇಲೆ ತೆಳುಕಾಗದ ಹಾಸಿ ನುಣುಪಾದ ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಹಿರಿಯರು ಮುಗಿಸಿದ್ದು ಒಂದು ಕಿರೀಟದ ಅರ್ಧಭಾಗ ಮಾತ್ರ. ನಮ್ಮ ಏಳನೆಯ ತರಗತಿಯ ಹುಡುಗನೊಬ್ಬ, "ಇಷ್ಟೇನಾ ತಾತ?" ಎಂದ. ಅವರು ನಕ್ಕು, "ಇಷ್ಟಕ್ಕೇ ನನ್ನ ಬೆನ್ನು ನೋಯ್ತಿದೆ ಮಗಾ" ಎಂದರು. ಮಕ್ಕಳೆಲ್ಲ ನಕ್ಕರು. ನನಗೇಕೋ ನಗು ಬರಲಿಲ್ಲ.

ಮೂರನೆಯ ದಿನ ಬಂದವರು ಒಂದು ಕಾಲದಲ್ಲಿ ಸಿನಿಮಾ ಕಟೌಟುಗಳನ್ನು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಆ ಕಸುಬು ಕೈಬಿಟ್ಟುಹೋಯಿತೆಂದು ನಿರ್ವಿಕಾರವಾಗಿ ಹೇಳಿದರು. ಆಳೆತ್ತರದ ಪ್ಲೈವುಡ್ ಹಲಗೆಯ ಮೇಲೆ ಚೌಕಗಳನ್ನು ಎಳೆದು, ಅಂಗೈಯಗಲದ ಒಂದು ಫೋಟೋವನ್ನು ಚೌಕದಿಂದ ಚೌಕಕ್ಕೆ ಹಿಗ್ಗಿಸುತ್ತಾ ಹೋದರು. ಕೆಳಕ್ಕೆ ಚಾಚಿದ ಒಂದು ಕೈಯನ್ನು ಬರೆಯುವಾಗ ಅದು ಚೌಕವನ್ನು ಮೀರಿ ಇಳಿಯಿತು. ನಾನು ಸುಮ್ಮನಿರಲಾರದೆ, "ಕೈ ಉದ್ದವಾಯಿತಲ್ಲ?" ಎಂದೆ.

"ಇಲ್ಲಿ ನಿಂತು ನೋಡಿದ್ರೆ ಉದ್ದಾನೇ ಫಾದರ್. ಇದು ಮೂವತ್ತು ಅಡಿ ಮೇಲೆ ಹೋಗೋ ಚಿತ್ರ ಅಂದ್ಕೊಳ್ಳಿ. ಕೆಳಗಡೆಯಿಂದ ನೋಡೋವಾಗ ಮೇಲೆ-ಕೆಳಗೆ ಇರೋದೆಲ್ಲ ಕುಗ್ಗಿ ಕಾಣುತ್ತೆ. ಅಳತೆಗೆ ಸರಿಯಾಗಿ ಬರೆದ್ರೆ ಕೈ ಮೊಟಕಾಗಿಬಿಡುತ್ತೆ. ನೋಡೋರು ಎಲ್ಲಿ ನಿಲ್ತಾರೆ ಅಂತ ಮೊದಲು ನೋಡ್ಕೋಬೇಕು, ಆಮೇಲೆ ಬರೀಬೇಕು."

ಓದುಗರೇ, ಆ ಮಾತು ಕೇಳಿ ನಾನು ಕುಳಿತಲ್ಲೇ ಕುಸಿದೆ.

2003ರಲ್ಲಿ ನಾನು ಮೊದಲ ಬಾರಿಗೆ ಒಂದು ಧರ್ಮಕೇಂದ್ರದ ಹೊಣೆ ಹೊತ್ತು ಒಣಭೂಮಿಯ ಹಳ್ಳಿಯೊಂದಕ್ಕೆ ಹೋದೆ. ಅಲ್ಲಿನ ದೇವಾಲಯದ ಬಲಿಪೀಠದ ಹಿಂದೆ, ಗೋಡೆಯ ಬಹು ಎತ್ತರದಲ್ಲಿ, ಉತ್ತಮ ಕುರಿಗಾಹಿಯ ಒಂದು ಚಿತ್ರವಿತ್ತು. ಬರೆದವರು ಅದೇ ಊರಿನ ಕ್ರೈಸ್ತರು. ಅಂಗಡಿಗಳಿಗೆ ಬೋರ್ಡು ಬರೆದು ಜೀವನ ಸಾಗಿಸುತ್ತಿದ್ದವರು. ಅವರು ಬರೆದ ಯೇಸುಸ್ವಾಮಿ ನಮ್ಮ ಕಡೆಯ ಕುರುಬರಂತೆ ಹೆಗಲ ಮೇಲೆ ಕರಿಯ ಕಂಬಳಿ ಹೊದ್ದಿದ್ದರು. ಒಂದು ಕೈ ಮಡಿಸಿ ಕೋಲು ಹಿಡಿದಿತ್ತು. ಇನ್ನೊಂದು ಕೈ ಹಳ್ಳಕ್ಕೆ ಬಿದ್ದ ಕುರಿಮರಿಯತ್ತ ಕೆಳಕ್ಕೆ ಚಾಚಿತ್ತು.

ಆ ವರ್ಷ ದೇವಾಲಯದ ಸುವರ್ಣ ಮಹೋತ್ಸವ. ಸುಣ್ಣಬಣ್ಣಕ್ಕೆಂದು ಒಳಗೆ ಅಟ್ಟಣಿಗೆ ಕಟ್ಟಿಸಿದ್ದೆವು. ನಾನೇ ಮೇಲೇರಿ ಚಿತ್ರವನ್ನು ಹತ್ತಿರದಿಂದ ನೋಡಿದೆ. ಚಾಚಿದ ಕೈ ಮಡಿಸಿದ ಕೈಗಿಂತ ಸ್ಪಷ್ಟವಾಗಿ ಉದ್ದವಾಗಿತ್ತು. ಗುರುಮಠದಲ್ಲಿ ಪಾಶ್ಚಾತ್ಯ ಕಲೆಯ ಹೊಳಪಿನ ಪುಸ್ತಕಗಳನ್ನು ತಿರುವಿಹಾಕಿದ್ದ ನನಗೆ ಅದು ಅರೆಕಲಿಕೆಯ ಕೆಲಸವೆಂದು ಕಂಡಿತು. ಮಹೋತ್ಸವಕ್ಕೆ ಧರ್ಮಾಧ್ಯಕ್ಷರು ಬರುವವರಿದ್ದರು. ಅವರ ಎದುರಿನಲ್ಲಿ ಇದು ಶೋಭಿಸದೆಂದುಕೊಂಡೆ. ಗೋಡೆಯನ್ನು ಕೆರೆದು ಬಣ್ಣ ಬಳಿಯುವಂತೆ ಕೆಲಸಗಾರರಿಗೆ ಹೇಳಿದೆ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಚಿತ್ರವಿದ್ದಲ್ಲಿ ಪೇಟೆಯಿಂದ ತಂದ ಪ್ರತಿಮೆಯೊಂದನ್ನು ನಿಲ್ಲಿಸಿದೆವು.

ಮುಂದಿನ ಭಾನುವಾರ ಒಬ್ಬ ಅಜ್ಜಿ ಪೂಜೆಯ ನಂತರ ಬಂದು, "ಸ್ವಾಮಿ, ನಮ್ ಕಂಬ್ಳಿ ಯೇಸು ಎಲ್ಲೋದ?" ಎಂದು ಕೇಳಿದರು. ನಾನು ಏನೋ ಸಮಜಾಯಿಷಿ ಕೊಟ್ಟೆ. ಆ ಕಲಾವಿದರು ಮಾತ್ರ ಏನನ್ನೂ ಕೇಳಲಿಲ್ಲ. ಎಂದಿನಂತೆ ಹಿಂದಿನ ಸಾಲಿನಲ್ಲಿ ಮಂಡಿಯೂರಿದರು, ಒಮ್ಮೆ ಗೋಡೆಯತ್ತ ನೋಡಿದರು, ಶಿಲುಬೆಯ ಗುರುತು ಹಾಕಿಕೊಂಡರು. ಸಾಲಿನಲ್ಲಿ ಬಂದು ನನ್ನ ಕೈಯಿಂದಲೇ ಪರಮಪ್ರಸಾದ ಸ್ವೀಕರಿಸಿದರು. ನಾನು ಅಲ್ಲಿದ್ದ ನಾಲ್ಕು ವರ್ಷವೂ ಹೀಗೆಯೇ. ಅವರ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ.

ನಾನು ಚಿತ್ರವನ್ನು ಅಟ್ಟಣಿಗೆಯ ಮೇಲೆ ನಿಂತು ಅಳೆದಿದ್ದೆ. ಅವರು ಅದನ್ನು ಕೆಳಗೆ ಮಂಡಿಯೂರುವವರಿಗಾಗಿ ಬರೆದಿದ್ದರು. ಹಿಂದಿನ ಸಾಲಿನ ಅಜ್ಜಿಯ ಕಣ್ಣಿಗೆ ಸ್ವಾಮಿಯ ಕೈ ಕುರಿಮರಿಯವರೆಗೆ ತಲುಪಲೆಂದೇ ಅದನ್ನು ಉದ್ದವಾಗಿಸಿದ್ದರೋ ಏನೋ. ಕೇಳಿದ್ದರೆ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ನಾನು ಕಲಿಯದವನೇನಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ, ದೈವಾರಾಧನೆಯನ್ನು ಕುರಿತ ಸಂವಿಧಾನದ ಏಳನೆಯ ಅಧ್ಯಾಯವು ಪವಿತ್ರ ಕಲೆಗೇ ಮೀಸಲು. ಧರ್ಮಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನದೆಂದು ಹಿಡಿದುಕೊಂಡಿಲ್ಲವೆಂದೂ, ದೇವಾಲಯಗಳಲ್ಲಿರುವ ಬೆಲೆಬಾಳುವ ಕೃತಿಗಳು ಕೈತಪ್ಪಿ ಹೋಗದಂತೆ ಧರ್ಮಾಧ್ಯಕ್ಷರು ಎಚ್ಚರ ವಹಿಸಬೇಕೆಂದೂ ಅದರಲ್ಲಿದೆ. ಗುರುಮಠದ ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೆ. ಪರಮಗುರು ದ್ವಿತೀಯ ಜಾನ್ ಪಾಲರು 1999ರ ಪಾಸ್ಕ ಭಾನುವಾರದಂದು ಕಲಾವಿದರಿಗೆಂದೇ ಬರೆದ ಪತ್ರವನ್ನೂ ಓದಿದ್ದೆ. ಆದರೆ ಬೆಲೆಬಾಳುವ ಕೃತಿ ಎಂದೊಡನೆ ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ದೊಡ್ಡ ಹೆಸರುಗಳು ಮಾತ್ರ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂಟೋನಿಯೋ ಮೊಸ್ಕೇನಿ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿದರು. ದೇಶವಿದೇಶಗಳ ಜನ ಇಂದಿಗೂ ಬಂದು ಅವನ್ನು ನೋಡುತ್ತಾರೆ. 1990ರ ದಶಕದಲ್ಲಿ ತಜ್ಞರು ಅವುಗಳ ಜೀರ್ಣೋದ್ಧಾರವನ್ನೂ ಮಾಡಿದರು. ಅದು ಆಗಬೇಕಾದ್ದೇ. ಆದರೆ ಮೊಸ್ಕೇನಿಯವರನ್ನು ಕರೆದ ದೇವರು ನಮ್ಮೂರಿನ ಬೋರ್ಡು ಬರೆಯುವವರನ್ನೂ ಕರೆದಿರಬಹುದೆಂದು ನನಗೆ ಹೊಳೆದಿರಲಿಲ್ಲ. ವಿಮೋಚನಾಕಾಂಡದಲ್ಲಿ ದೇವರು ತಮ್ಮ ಆತ್ಮದಿಂದ ತುಂಬಿದ್ದು ಬೆಚಲೇಲನನ್ನು. ಅವನು ಯಾಜಕನಲ್ಲ, ಪ್ರವಾದಿಯೂ ಅಲ್ಲ. ಲೋಹ, ಕಲ್ಲು, ಮರಗಳ ಕೆಲಸ ಬಲ್ಲ ಕಸುಬುದಾರ.

ಪ್ರದರ್ಶನ ಮುಗಿದ ವಾರವೇ ಆ ಹಳ್ಳಿಗೆ ಹೋದೆ. ಕಲಾವಿದರು ತೀರಿಕೊಂಡು ಆರು ವರ್ಷಗಳಾಗಿದ್ದವು. ಅವರ ಪತ್ನಿ ಮಜ್ಜಿಗೆ ಕೊಟ್ಟು ಕೂರಿಸಿದರು. ನಾನು ಬಂದ ಕಾರಣ ಹೇಳಿ ಕ್ಷಮೆ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದು, ಬಳಿಕ ಹೇಳಿದರು: "ಅವ್ರು ನಿಮ್ಮೇಲೆ ಬೇಜಾರು ಮಾಡ್ಕೊಳ್ಳಿಲ್ಲ ಸ್ವಾಮಿ. ಓದಿದೋರು, ಅವ್ರಿಗೆ ಗೊತ್ತಿರ್ತದೆ ಅಂದ್ರು. ಆದ್ರೆ ಆಮೇಲೆ ಯೇಸುಸ್ವಾಮೀನ ಮಾತ್ರ ಬರೀಲಿಲ್ಲ."

ಸಮಾಧಿಯ ಬಳಿ ಜಪಸರ ಹೇಳಿ ಹಿಂದಿರುಗಿದೆ. ಆ ಗೋಡೆಯಲ್ಲಿ ಈಗ ಕೆರೆದು ಹುಡುಕಿದರೂ ಏನೂ ಸಿಗದು. ಕೆಲವು ತಪ್ಪುಗಳಿಗೆ ಕ್ಷಮೆಯಿದೆ, ಪರಿಹಾರವಿಲ್ಲ. ಪಾಪನಿವೇದನೆಯ ಪೀಠದಲ್ಲಿ ಇತರರಿಗೆ ಇದನ್ನೇ ಎಷ್ಟೋ ಸಲ ಹೇಳಿದ್ದ ನಾನು ಈಗ ನನಗೇ ಹೇಳಿಕೊಳ್ಳಬೇಕಾಯಿತು.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬಿನ್ನಹವಿದೆ. ನಿಮ್ಮ ಊರಿನ ಹಬ್ಬಕ್ಕೆ ದೇವಾಲಯಕ್ಕೆ ಬಣ್ಣ ಬಳಿಸುವ ಮುನ್ನ ಪಾಲನಾ ಸಮಿತಿಯವರೂ ಗುರುಗಳೂ ಒಮ್ಮೆ ಹಿಂದಿನ ಸಾಲಿನಲ್ಲಿ ಮಂಡಿಯೂರಿ ಗೋಡೆಯನ್ನು ನೋಡಿರಿ. ಅಲ್ಲಿರುವುದನ್ನು ಮಾಡಿದವರು ಯಾರೆಂದು ಹಿರಿಯರನ್ನು ಕೇಳಿರಿ. ಅವರು ಬದುಕಿದ್ದರೆ ಮನೆಗೆ ಹೋಗಿ ಮಾತನಾಡಿಸಿರಿ. ಧರ್ಮೋಪದೇಶದ ತರಗತಿಯಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚುವ ಮಗುವನ್ನು ಗದರುವ ಮೊದಲು, ಅದು ಏನು ಬರೆದಿದೆಯೆಂದು ನೋಡಿರಿ.

ಈ ವಸಂತದಲ್ಲೂ ಸಂಘದವರು ಸಭಾಂಗಣ ಕೇಳಿ ಬಂದಿದ್ದಾರೆ. ಕೊಟ್ಟಿದ್ದೇನೆ. ನಮ್ಮ ದೇವಾಲಯದ ಬಲಬದಿಯ ಖಾಲಿ ಗೋಡೆಯನ್ನೂ ಅವರಿಗೆ ತೋರಿಸಿ, ಉತ್ತಮ ಕುರಿಗಾಹಿಯನ್ನು ಬರೆದುಕೊಡುವಿರಾ ಎಂದು ಕೇಳಿದ್ದೇನೆ. ಕಟೌಟು ಬರೆಯುತ್ತಿದ್ದ ಆ ಹಿರಿಯರು ಬಂದು ಗೋಡೆಯ ಎತ್ತರವನ್ನು ಕಣ್ಣಲ್ಲೇ ಅಳೆದರು. ಬಳಿಕ ಹಿಂದಿನ ಸಾಲಿಗೆ ಹೋಗಿ ಮಂಡಿಯೂರಿ ಕುಳಿತು, ಬಹಳ ಹೊತ್ತು ಅಲ್ಲಿಂದಲೇ ನೋಡಿದರು. ಹೆಗಲಿಗೆ ಕಂಬಳಿ ಇರಲಿ ಎಂದಷ್ಟೇ ನಾನು ಹೇಳಿದೆ. ಕೈಯ ಅಳತೆಯನ್ನು ಅವರಿಗೇ ಬಿಟ್ಟಿದ್ದೇನೆ.