ಬಿಸಿಲು ಬರೆದ ಎಲೆ

ಮಕ್ಕಳೇ, ಈ ರಜೆಯಲ್ಲಿ ತಾತ ಅಜ್ಜಿಯ ಜೊತೆ ನಂಜನಗೂಡಿಗೆ ಹೊರಟರೆ ಚೀಲದಲ್ಲಿ ಒಂದು ಹಳೆಯ ನೋಟ್‌ಬುಕ್ ಇರಲಿ. ಮೈಸೂರಿನಿಂದ ಸುಮಾರು 25 ಕಿಲೋಮೀಟರ್ ದಾರಿ. ಶ್ರೀಕಂಠೇಶ್ವರನ ದರ್ಶನ ಮಾಡಿ ಕಪಿಲಾ ನದಿಯ ಮೆಟ್ಟಿಲಿಳಿಯುವಾಗ ಮರದಡಿ ಉದುರಿದ ಎಲೆಗಳನ್ನು ಆರಿಸಿ, ಹಾಳೆಗಳ ನಡುವೆ ಇಟ್ಟುಕೊಳ್ಳಿ. ಅವುಗಳ ಚಿತ್ರವನ್ನು ಸೂರ್ಯನ ಕೈಯಲ್ಲೇ ಬರೆಸಬಹುದು!

ಕರಕುಶಲ ಅಂಗಡಿಗಳಲ್ಲಿ ಕಡುನೀಲಿ ಕಾಗದದ ಮೇಲೆ ಬಿಳಿ ಎಲೆ, ಹೂವು ಮೂಡಿದ ಶುಭಾಶಯ ಪತ್ರಗಳನ್ನು ನೋಡಿದ್ದೀರಾ? ಅದು ಕುಂಚದ ಕೆಲಸವಲ್ಲ, ಕ್ಯಾಮೆರಾದ್ದೂ ಅಲ್ಲ. ಅದರ ಹೆಸರು ಸಯನೋಟೈಪ್. ಕಬ್ಬಿಣದ ಅಂಶವಿರುವ ಎರಡು ಲವಣಗಳನ್ನು ನೀರಿನಲ್ಲಿ ಕರಗಿಸಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸುತ್ತಾರೆ. ಮೇಲೆ ಎಲೆಯಿಟ್ಟು ಬಿಸಿಲಿಗೆ ಹಿಡಿಯುತ್ತಾರೆ. ಆಮೇಲೆ ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದ ಜಾಗ ನೀಲಿ, ಎಲೆ ಮರೆಮಾಡಿದ ಜಾಗ ಬಿಳಿ. 1842ರಲ್ಲಿ ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಮರುವರ್ಷವೇ ಆನಾ ಅಟ್ಕಿನ್ಸ್ ಎಂಬ ಮಹಿಳೆ ಕಡಲ ಪಾಚಿಗಳ ಇಂಥ ಚಿತ್ರಗಳ ಪುಸ್ತಕ ಶುರುಮಾಡಿ, ಹತ್ತು ವರ್ಷ ಅದಕ್ಕಾಗಿ ದುಡಿದರು. ಆ ಪಾಚಿಗಳ ಆಕಾರ ಇಂದಿಗೂ ಹಾಗೇ ಉಳಿದಿದೆ. ಮನೆ, ಸೇತುವೆಗಳ ನಕ್ಷೆಗಳಿಗೂ ಹಿಂದೆ ಇದೇ ವಿಧಾನದಲ್ಲಿ ಪ್ರತಿ ತೆಗೆಯುತ್ತಿದ್ದರು. ‘ನೀಲನಕ್ಷೆ’ ಎಂಬ ಮಾತು ಬಂದದ್ದು ಹಾಗೆ.

ಆಕಾರ ಉಳಿಸಿಕೊಳ್ಳುವುದು ಏಕೆ ಮುಖ್ಯ? ನಂಜನಗೂಡಿನ ರಸಬಾಳೆಯನ್ನೇ ನೋಡಿ. ಭೌಗೋಳಿಕ ಗುರುತು ಪಡೆದ ಹಣ್ಣು ಅದು. ತಾತ ಅಜ್ಜಿಗೆ ಅದರ ಘಮ ಚೆನ್ನಾಗಿ ನೆನಪಿರುತ್ತದೆ. ಆದರೆ ಸೊರಗು ರೋಗ ತೋಟಗಳನ್ನು ಹಾಳುಮಾಡಿ, ಬೆಳೆಯುವವರೇ ಕಡಿಮೆಯಾಗಿದ್ದಾರೆ. ಊರಿನ ಹೆಸರು ಹೊತ್ತ ಗಿಡವೇ ಅಪರೂಪವಾಗಬಹುದಾದರೆ, ಹಿತ್ತಲಿನ ಗಿಡಗಳ ಗುರುತನ್ನು ನಾವೇ ಬರೆದಿಡಬೇಕಲ್ಲವೇ?

ನಂಜನಗೂಡಿನಿಂದ ಕಪಿಲೆ ಹರಿದು ಹೋಗುವ ಕಡೆಗೇ ನಾವೂ ಹೋದರೆ ತಿರುಮಕೂಡಲು ನರಸೀಪುರ. ಅಲ್ಲಿ ಅವಳು ಕಾವೇರಿಯನ್ನು ಕೂಡುತ್ತಾಳೆ. ಸಂಗಮದ ಬಳಿಯ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ ಜನ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು ಅದು. ಹುಣಸೆ ಎಲೆಯ ಹಾಗೆ ಸಾಲಾಗಿ ಜೋಡಿಸಿದ ಅದರ ಎಲೆ ಚಿತ್ರಕ್ಕೆ ಬಲು ಚೆಂದ. ಆದರೆ ಎಚ್ಚರ! ಕಪ್ಪು ಕಣ್ಣಿನ ಆ ಕೆಂಪು ಬೀಜ ತುಂಬ ವಿಷಕಾರಿ. ಬಾಯಿಗೆ ಹಾಕಲೇಬಾರದು.

ಮನೆಯಲ್ಲಿ ಚಿತ್ರ ಮೂಡಿಸಲು ಲವಣಗಳನ್ನು ಹುಡುಕಬೇಕಿಲ್ಲ, ಅಡುಗೆಮನೆಯ ಅರಿಶಿನ ಸಾಕು. ಬಟ್ಟೆಯ ಅರಿಶಿನದ ಕಲೆ ಬಿಸಿಲಿಗೆ ಹಾಕಿದರೆ ಹೋಗುತ್ತದೆ ಎಂದು ಅಜ್ಜಿಗೆ ಗೊತ್ತು. ಅದೇ ಉಪಾಯ ಇಲ್ಲೂ. ಅರಿಶಿನ ಪುಡಿಯನ್ನು ನೀರಿನಲ್ಲಿ ಕಲಸಿ ದಪ್ಪ ಬಿಳಿ ಕಾಗದಕ್ಕೆ ತೆಳುವಾಗಿ ಬಳಿಯಿರಿ. ನೆರಳಲ್ಲಿ ಒಣಗಿಸಿ, ಮೇಲೆ ನಿಂತ ಪುಡಿ ಒರೆಸಿ. ನೋಟ್‌ಬುಕ್ಕಿನಲ್ಲಿ ಚಪ್ಪಟೆಯಾದ ಎಲೆಯನ್ನಿಟ್ಟು, ಹಳೆಯ ಫೋಟೊ ಚೌಕಟ್ಟಿನ ಗಾಜನ್ನು ದೊಡ್ಡವರ ಕೈಯಿಂದ ಮುಚ್ಚಿಸಿ. ಒಂದೆರಡು ದಿನ ಚುರುಕು ಬಿಸಿಲು ಕಾಯಿಸಿದರೆ ಸುತ್ತಲ ಬಣ್ಣ ಮಾಸಿ, ಎಲೆಯಿದ್ದ ಕಡೆ ಮಾತ್ರ ಹಳದಿ ಉಳಿಯುತ್ತದೆ.

ಹಿಂಬದಿಯಲ್ಲಿ ಎಲೆಯ ಹೆಸರು, ಸಿಕ್ಕಿದ ಊರು, ತಾರೀಖು ಬರೆಯಿರಿ. ಹೆಸರು ತಿಳಿಯದಿದ್ದರೆ ತಾತನನ್ನು ಕೇಳಿ. ಈ ಹಳದಿ ಚಿತ್ರ ಬೆಳಕಿಗೆ ಮಾಸುವಂಥದ್ದು, ಗೋಡೆಗೆ ಹಚ್ಚಬೇಡಿ. ಲಕೋಟೆಯಲ್ಲಿಟ್ಟು, ದೂರದಲ್ಲಿರುವ ಅತ್ತೆಗೋ ಮಾವನಿಗೋ ಅಂಚೆಯಲ್ಲಿ ಕಳಿಸಿಬಿಡಿ.