ಜೀಪಿನ ಬ್ಯಾಟರಿ ಮತ್ತು ಅಪ್ಪನ ನಗು

ಟಕ್. ಎರಡು ಸೆಕೆಂಡು ಮೌನ. ಮತ್ತೆ ಟಕ್.

ಸಾಯುತ್ತಿರುವ ಹಾರ್ಡ್ ಡಿಸ್ಕಿನ ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹೊರಗೆ ಆಗುಂಬೆ ಕಡೆಯಿಂದ ನುಗ್ಗಿದ ಮಳೆ ತೀರ್ಥಹಳ್ಳಿಯ ನಮ್ಮ ಮನೆಯ ಹೆಂಚನ್ನು ಕುಟ್ಟುತ್ತಿತ್ತು. ಅಪ್ಪನ ವರ್ಷಾಂತಕ್ಕೆ ಇನ್ನು ನಾಲ್ಕೇ ದಿನ. ಗೋಡೆಗೆ ಹಾಕಲು ಅಮ್ಮ ಕೇಳಿದ್ದು ಒಂದೇ ಫೋಟೊ, ಅಂಗಳದಲ್ಲಿ ನಿಂತು ಅಪ್ಪ ನಕ್ಕಿದ್ದು. ಕ್ಯಾಮೆರಾ ಕಂಡ ಕೂಡಲೇ ರೇಷನ್ ಕಾರ್ಡಿನ ಮುಖ ಮಾಡುತ್ತಿದ್ದ ಮನುಷ್ಯ ಜೀವಮಾನದಲ್ಲಿ ಅದೊಂದು ಸಲ ನಗುತ್ತಾ ಸಿಕ್ಕಿಬಿದ್ದಿದ್ದರು. ಫೋಟೊಗಳಿದ್ದ ನನ್ನ ಲ್ಯಾಪ್‌ಟಾಪು ಹೋದ ವಾರವಷ್ಟೇ ಸದ್ದಿಲ್ಲದೆ ಕಣ್ಣು ಮುಚ್ಚಿತ್ತು. ಉಳಿದಿದ್ದು ಇದೊಂದು, ವಿಂಡೋಸ್ 7ರ ಕಾಲದಲ್ಲಿ ಬ್ಯಾಕಪ್ ತೆಗೆದು ಅಟ್ಟದ ಟ್ರಂಕಿಗೆ ಹಾಕಿದ್ದ 500 ಜಿಬಿ ಡಿಸ್ಕು.

ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಪರದೆಯ ಮೇಲೆ ಪ್ರಶ್ನೆ ಬಂತು: ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಬೆರಳು ತಾನಾಗಿಯೇ ಎಂಟರ್ ಕಡೆ ಹೋಯಿತು. ಸುಟ್ಟುಕೊಂಡವನಂತೆ ಕೈ ಹಿಂದೆಳೆದುಕೊಂಡೆ. ಕ್ಯಾನ್ಸಲ್!

ಬೆಂಗಳೂರಿಂದ ಭಾವ ಫೋನಿನಲ್ಲಿ ಹೇಳಿದರು, "ಒಂದು ರಾತ್ರಿ ಫ್ರಿಜ್ಜಲ್ಲಿಡೋ, ಸರಿ ಹೋಗತ್ತೆ." ಈ ಮದ್ದನ್ನು ನನಗೆ ಹೇಳಿದವರಲ್ಲಿ ಅವರು ನಾಲ್ಕನೆಯವರು. ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಓದುವ ತಲೆ ಅದರ ಮೇಲೆ ತೇಲುವ ಎತ್ತರ ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ. ಅಲ್ಲಿ ಇಬ್ಬನಿ ಕಟ್ಟಿಸುವುದೇ? ತಲೆ ದಾರಿ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಹೊರಡುವ ಸದ್ದೇ ಆ ಟಕ್. ಪ್ರತಿ ಟಕ್ಕಿಗೂ ಆಯುಸ್ಸು ಕಮ್ಮಿ.

ಪೆನ್‌ಡ್ರೈವಿನಿಂದ ವಿಂಡೋಸ್ ಬದಲು ಉಬುಂಟು ಎಬ್ಬಿಸಿದೆ. ಸ್ಟೀಲ್ ತಟ್ಟೆಯೊಂದನ್ನು ಬೋರಲು ಹಾಕಿ, ಬಿಸಿ ಇಳಿಯಲಿ ಎಂದು ಡಿಸ್ಕನ್ನು ಅದರ ಮೇಲೆ ಮಲಗಿಸಿದೆ. ಪಕ್ಕದಲ್ಲಿ ಹೊಸದಾಗಿ ಕೊಂಡ 2 ಟಿಬಿ ಡಿಸ್ಕು. ಕಂಪ್ಯೂಟರ್ ಕೊಟ್ಟಂತೆ ಹಳೆಯದರ ಹೆಸರು ಎಸ್‌ಡಿಬಿ, ಹೊಸದರದು ಎಸ್‌ಡಿಸಿ. ಒಂದೇ ಅಕ್ಷರದ ವ್ಯತ್ಯಾಸ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಎರಡನ್ನೂ ದೊಡ್ಡದಾಗಿ ಬರೆದುಕೊಂಡು ಕೆಟ್ಟ ಡಿಸ್ಕಿನಿಂದ ನಕಲೆತ್ತುವ ಡಿಡಿರೆಸ್ಕ್ಯೂ ಓಡಿಸಿದೆ.

ಈ ತಂತ್ರಾಂಶದ ಜಾಣತನ ನಮ್ಮೂರ ಕೊನೆಗಾರರದು. ಪಸೆ ಆರಿದ ಅಡಿಕೆ ಮರಗಳನ್ನು ಮೊದಲು ಹತ್ತಿ ಮುಗಿಸುತ್ತಾರೆ, ಪಾಚಿ ಕಟ್ಟಿ ಜಾರುವ ಮರಗಳನ್ನು ಕೊನೆಗೆ ಬಿಡುತ್ತಾರೆ. ಇದೂ ಹಾಗೆಯೇ. ಸಲೀಸಾಗಿ ಓದಿಸಿಕೊಳ್ಳುವ ಜಾಗವನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಕೆಟ್ಟ ಜಾಗ ಬಂದರೆ ಜಗಳಕ್ಕೆ ನಿಲ್ಲದೆ ಹಾರಿ ಮುಂದೆ ಹೋಗುತ್ತದೆ. ಆಮೇಲೆ ಹಿಂದೆ ಬಂದು 512 ಬೈಟಿನ ಒಂದೊಂದೇ ಸೆಕ್ಟರನ್ನು ಕೆರೆದು ನೋಡುತ್ತದೆ. ಎಲ್ಲಿಯವರೆಗೆ ಬಂದೆ, ಏನು ಬಿಟ್ಟೆ ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆಯುತ್ತಲೇ ಇರುತ್ತದೆ. ಆ ಕಡತವನ್ನು ಹೊಸ ಡಿಸ್ಕಿನಲ್ಲಿ ಇಟ್ಟಿದ್ದೆ. ಆ ರಾತ್ರಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು.

ಹತ್ತು ಗಂಟೆಗೆ ಶೇಕಡಾ 40. ಹನ್ನೊಂದೂಮುಕ್ಕಾಲಿಗೆ 71. ಅಷ್ಟರಲ್ಲಿ ಎಲ್ಲೋ ಮರ ಮುರಿದ ಸದ್ದು, ಕರೆಂಟು ಹೋಯಿತು.

ಇನ್ವರ್ಟರ್ ಹತ್ತು ನಿಮಿಷ ಕೂಗಿಕೊಂಡು ಸುಮ್ಮನಾಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಅರೆಜೀವ: 18, 15, 11. ಈಗ ನಿಲ್ಲಿಸಿದರೆ ಈ ಡಿಸ್ಕು ಇನ್ನೊಮ್ಮೆ ತಿರುಗುತ್ತದೆಂದು ಯಾರು ಹೇಳಬೇಕು? ಕತ್ತಲಲ್ಲಿ ಕೊಟ್ಟಿಗೆಯ ಪಕ್ಕ ನಿಂತ ಜೀಪಿನ ನೆನಪಾಯಿತು. ಅದರದೂ 12 ವೋಲ್ಟು, ಇನ್ವರ್ಟರಿನದೂ 12.

"ಅಮ್ಮ, ಟಾರ್ಚು ತಗೊಂಡು ಬಾ, ಕೊಡೆ ಹಿಡ್ಕೊ!"

"ಎಂತ ಆಯ್ತೋ? ಈ ಮಳೇಲಿ ಜೀಪ್ ಎಂತಕ್ಕೆ?"

ಹತ್ತರ ಸ್ಪ್ಯಾನರು ಎರಡು ಸಲ ಕೆಸರಿಗೆ ಬಿತ್ತು. ಟರ್ಮಿನಲ್ಲಿನ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಪ್ಪು ತಂತಿ ಬಿಡಿಸಿ, ಕೆಂಪು ಬಿಡಿಸಿ, ಕಲ್ಲಿನಷ್ಟು ಭಾರದ ಬ್ಯಾಟರಿಯನ್ನು ಹೊಟ್ಟೆಗೆ ಅವಚಿಕೊಂಡು ಜಗಲಿ ಹತ್ತಿದೆ. ನಾನು ತಂತಿ ಬಿಗಿಯುವಷ್ಟರಲ್ಲಿ ಅಮ್ಮ ಫ್ರಿಜ್ಜು, ಲೈಟು ಎಲ್ಲ ಆರಿಸಿ ಬಂದಿದ್ದಳು. ಇನ್ವರ್ಟರ್ ಗುಂಯ್ ಎಂದಿತು. ಒಳಗೆ ಓಡಿ ನೋಡಿದರೆ ಲ್ಯಾಪ್‌ಟಾಪಿನ ಪರದೆ ಕಪ್ಪು.

ಮತ್ತೆ ಎಬ್ಬಿಸಿದೆ. ಡಿಸ್ಕು ಟಕ್ ಎಂದಿತು, ಇನ್ನೊಮ್ಮೆ ಟಕ್, ಆಮೇಲೆ ಸುಯ್ಯೆಂದು ತಿರುಗತೊಡಗಿತು. ಪುಸ್ತಕದ ಹಿಂದೆ ಬರೆದಿದ್ದ ಹೆಸರುಗಳನ್ನೇ ಹಾಕಿ ಆಜ್ಞೆ ಟೈಪಿಸಿ ಎಂಟರ್ ಒತ್ತಬೇಕು, ಆಗ ಪರದೆಯಲ್ಲಿದ್ದ ಡಿಸ್ಕುಗಳ ಪಟ್ಟಿಯ ಮೇಲೆ ಕಣ್ಣು ಹೋಯಿತು. ಎಸ್‌ಡಿಬಿಯ ಎದುರು 1.8ಟಿ. ಎಸ್‌ಡಿಸಿಯ ಎದುರು 465.8ಜಿ. ಮರುಹುಟ್ಟಿನಲ್ಲಿ ಹೆಸರುಗಳು ಅದಲುಬದಲಾಗಿದ್ದವು! ಒತ್ತಿದ್ದರೆ ಉಳಿಸಬೇಕಾದ ಡಿಸ್ಕಿನ ಮೇಲೇ ಬರೆಯಲು ಹೊರಡುತ್ತಿದ್ದೆ. ನೆನೆದ ಅಂಗಿಯೊಳಗೂ ಬೆವರಿತು. ಅಕ್ಷರ ತಿದ್ದಿ, ಅಮ್ಮನಿಂದ ಗಟ್ಟಿಯಾಗಿ ಓದಿಸಿ, ಒತ್ತಿದೆ. ನಕ್ಷೆ ಸಿಕ್ಕಿತು. 71ರಿಂದಲೇ ಮುಂದುವರಿಯಿತು.

ಕಾಯುತ್ತಾ ಅಮ್ಮನಿಗೆ ಅನಿಮೇಷನ್ ಚಿತ್ರ ಮಾಡುವ ಪಿಕ್ಸರ್‌ನ ಕಥೆ ಹೇಳಿದೆ. 1998ರಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಗೆ 'ಟಾಯ್ ಸ್ಟೋರಿ 2' ಚಿತ್ರದ ಬಹುಪಾಲು ಮಾಯವಾಯಿತು. ಬ್ಯಾಕಪ್ ಟೇಪುಗಳನ್ನು ನೋಡಿದರೆ ಅವೂ ಕೈಕೊಟ್ಟಿದ್ದವು. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಚಿತ್ರತಂಡದ ಗ್ಯಾಲಿನ್ ಸಸ್ಮನ್ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರಂತೆ. "ಬಾಣಂತಿ ಮನೆಯಲ್ಲಿದ್ದಳು ಅಂತ ಉಳೀತು," ಎಂದಳು ಅಮ್ಮ.

ನಾಲ್ಕು ಗಂಟೆಗೆ 99.8. ಕೊನೆಯ ಚೂರುಗಳನ್ನು ಕೆರೆಯುತ್ತಿದ್ದಾಗ ಡಿಸ್ಕು ನಿಡಿದಾಗಿ ಉಸಿರು ಬಿಟ್ಟಂತೆ ಸದ್ದು ಮಾಡಿ ನಿಂತಿತು. ಆಮೇಲೆ ಅದು ತಿರುಗಲೇ ಇಲ್ಲ.

ಗೆದ್ದೆವು ಎಂದುಕೊಂಡರೆ, ಬ್ಯಾಕಪ್ಪಿನೊಳಗೆ ಫೋಟೊಗಳು ಫೋಟೊಗಳಾಗಿ ಇರಲಿಲ್ಲ. ಆ ಕಾಲದ ಬ್ಯಾಕಪ್ಪು ಎಲ್ಲವನ್ನೂ ಸುಮಾರು 200 ಎಂಬಿಯ ಜಿಪ್ ಗಂಟುಗಳಾಗಿ ಕಟ್ಟಿಡುತ್ತಿತ್ತು. ಬಹಳಷ್ಟು ಗಂಟುಗಳು ಬಿಚ್ಚಿಕೊಂಡವು. ನಮಗೆ ಬೇಕಿದ್ದ ತಿಂಗಳಿನದು ಮಾತ್ರ ಬಿಚ್ಚಲಿಲ್ಲ! ಜಿಪ್‌ನ ಸೂಚಿ ಇರುವುದು ಕಡತದ ತೀರಾ ಕೊನೆಯಲ್ಲಿ. ಆ ಕೊನೆಯೇ ಹೋಗಿತ್ತು.

ಆದರೆ ಒಳಗಿನ ಪ್ರತಿ ಕಡತದ ನೆತ್ತಿಯ ಮೇಲೂ ಎರಡಕ್ಷರದ ಹಣೆಬೊಟ್ಟು ಇರುತ್ತದೆ: ಪಿ, ಕೆ. 1989ರಲ್ಲಿ ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. 2000ದಲ್ಲಿ, 37ರ ವಯಸ್ಸಿಗೇ ತೀರಿಕೊಂಡ ಆ ಮನುಷ್ಯನ ಗುರುತನ್ನು ಹುಡುಕುತ್ತಾ ದುರಸ್ತಿಯ ಆಜ್ಞೆ ಗಂಟನ್ನು ಮೊದಲಿನಿಂದ ತಡಕಿತು. ಪಿಕೆ, ಪಿಕೆ, ಪಿಕೆ... ಹೆಸರುಗಳು ಒಂದೊಂದಾಗಿ ಸಾಲುಗಟ್ಟಿದವು. ಅಕ್ಕನ ಸೀಮಂತ. ನಾಯಿಮರಿ. ತುಂಗೆಯ ನೆರೆ. ಅಂಗಳ.

ತೆರೆದೆ. ಮೇಲಿನಿಂದ ಹೆಂಚು ಬಂತು, ತುಳಸಿಕಟ್ಟೆ ಬಂತು, ಅಪ್ಪನ ನರೆತ ಕೂದಲು, ಮುಚ್ಚಿದಂತಿರುವ ಕಣ್ಣು, ಹಲ್ಲು ಕಾಣುವ ನಗು. ಭುಜದಿಂದ ಕೆಳಗೆ ಬರೀ ಬೂದು. ಓದಲಾಗದ ಒಂದು ಸೆಕ್ಟರು ಅಲ್ಲಿಂದಾಚೆಗಿನದನ್ನೆಲ್ಲ ನುಂಗಿತ್ತು.

"ಕೈಲಿ ಎಂತದೋ ಇತ್ತಲ್ಲ ಅಮ್ಮ, ಕಾಣ್ತಾ ಇಲ್ಲ."

ಅಮ್ಮ ಕನ್ನಡಕ ಹಾಕಿಕೊಂಡು ಬಾಗಿದಳು. ಬೂದು ಬಣ್ಣದ ಮೇಲೆ ಬೆರಳಿಟ್ಟಳು. "ಅಪ್ಪೆಮಿಡಿ ಗೊಂಚಲು. ಈ ವಯಸ್ಸಲ್ಲಿ ಮರ ಹತ್ತೋದಾ ಅಂತ ನಾನು ಬೈತಿದ್ದೆ. ಅದಕ್ಕೇ ನಗೋದು."

ಮಳೆ ತೆಳ್ಳಗಾಗಿತ್ತು, ಕೊಟ್ಟಿಗೆಯಲ್ಲಿ ದನ ಕೂಗಿತು. ಅಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಆ ಬ್ಯಾಟರಿ ವಾಪಸ್ ಜೀಪಿಗೆ ಹಾಕೋ. ಎಂಟು ಗಂಟೆಗೆ ಭಟ್ಟರ ಮನೆಗೆ ಹೋಗ್ಬೇಕು."