ಶಿಶುನಾಳಕ್ಕೆ ಕರೆದೊಯ್ದ ಗಿಟಾರು

ಶಿಗ್ಗಾವಿಯಲ್ಲಿ ಶಿಶುನಾಳದ ಬಸ್ ಹತ್ತಿದೆ. ಶರೀಫಜ್ಜನ ಊರು! ಹಿಂದೂ, ಮುಸಲ್ಮಾನ ಇಬ್ಬರೂ ತಲೆಬಾಗುವ ಗದ್ದುಗೆ. ಆದರೆ ನನಗೆ ಅಜ್ಜನ ಹುಚ್ಚು ಹಿಡಿಸಿದ್ದು ಮೈಸೂರಿನ ಒಂದು ಗಿಟಾರು ಕಣ್ರೀ, ರಘು ದೀಕ್ಷಿತರದು.

ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ನೌಕರಿ ಬಿಟ್ಟು ಹಾಡಿಗಿಳಿದರು. ಜಾನಪದವೋ, ರಾಕೋ? ಯಾವ ಪೆಟ್ಟಿಗೆಗೂ ಸೇರದ ಹಾಡು! ಮೊದಲ ಆಲ್ಬಂ ಬರಲು 2008 ಆಯಿತು. ಅದೇ ವರ್ಷ ‘ಸೈಕೋ’ ಚಿತ್ರಕ್ಕೂ ಸಂಗೀತ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೇ ಹಾಡಿಬಿಟ್ಟರು!

ಗದ್ದುಗೆಯ ಬಳಿ ಕೂತಿದ್ದ ಮುದುಕರಿಗೆ ಅವರು ಹಾಡಿದ ಗುಡುಗುಡಿ ಪದವನ್ನು ಮೊಬೈಲಿನಲ್ಲಿ ಕೇಳಿಸಿದೆ. ಬೈತಾರೇನೋ ಅಂತ ಎದೆ ಡವಡವ.

ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕಿತು.

“ಧಾಟಿ ಬ್ಯಾರೆ ಐತಿ, ತಮ್ಮಾ. ಮಾತು ನಮ್ಮಜ್ಜಂದ. ಇನ್ನೊಮ್ಮೆ ಹಚ್ಚು!”